ಮಾತ್ರೆಯ ದಿನವೇ ತಪಾಸಣೆ
ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕೋಟೆಗೆ ಸುತ್ತಿನ ಮೇಲೆ ಸುತ್ತು; ಒಂದು ಬಿದ್ದರೆ ಇನ್ನೊಂದು ಕಾಯುತ್ತಿತ್ತು. ಮೈಯೊಳಗಿನ ಕಾವಲಿಗೆ ಆ ಭಾಗ್ಯವಿಲ್ಲ. ಎಚ್‌ಐವಿ ಆ ಕಾವಲಿನ ಸಿಡಿ4 ಕಣಗಳನ್ನು ಕೊಲ್ಲುತ್ತಾ ಹೋದಂತೆ, ಬಹುತೇಕರಲ್ಲಿ ತಾನಾಗಿಯೇ ಮಾಯವಾಗುವ ಎಚ್‌ಪಿವಿ ವೈರಸ್ ಗರ್ಭಕಂಠದಲ್ಲೇ ಬೀಡುಬಿಟ್ಟು ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಹಾಗಾಗಿಯೇ ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು. 2004ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿರುವ, ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಅಪಾಯ ತಗ್ಗಿಸಿದೆ, ಅಳಿಸಿಲ್ಲ. ಇವರಿಗೆ 25ನೇ ವಯಸ್ಸಿನಿಂದಲೇ ಗರ್ಭಕಂಠದ ತಪಾಸಣೆ ಶುರುವಾಗಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡ ಯಂತ್ರವಿಲ್ಲದ ಕಡೆ ತೆಳುಗೊಳಿಸಿದ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯೇ ಸಾಕು: ಸವರಿ ಒಂದು ನಿಮಿಷ ಕಾದರೆ ಅನುಮಾನದ ಜಾಗ ಬೆಳ್ಳಗಾಗುತ್ತದೆ. ಮಾತ್ರೆಗೆಂದು ಹಳ್ಳಿಯಿಂದ ಬಸ್ಸು ಹತ್ತಿ ಬಂದವಳಿಗೆ ಅವತ್ತೇ ಇದೂ ಆಗಿಬಿಡಬೇಕು. ಮತ್ತೊಂದು ದಿನದ ಕೂಲಿ ಬಿಟ್ಟು ಬಾ ಅಂದರೆ ಅವಳು ಬರುವುದು ಕಷ್ಟ.