ಮಲ್ಲಯ್ಯನ ದಾರಿಯಲ್ಲಿ ಮೋಟಾರು ಸೈಕಲ್ಲು

ಯುಗಾದಿ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಭಕ್ತಬಂಧುಗಳು ಕಂಬಿ ಹೊತ್ತು ಶ್ರೀಶೈಲದತ್ತ ಹೆಜ್ಜೆಯಿಡುತ್ತಾರೆ. ೪೦೦ ಕಿ.ಮೀ.ಗೂ ಮಿಕ್ಕ ದಾರಿ, ಸುಡುವ ಬಿಸಿಲು. ಭ್ರಮರಾಂಬೆ ನಮ್ಮ ಮನೆಮಗಳೆಂಬ ಭಾವದಿಂದ ಸೀರೆ-ಕುಪ್ಪಸ ಒಯ್ಯುವವರಿಗೆ ಅದು ಲೆಕ್ಕಕ್ಕಿಲ್ಲ. ತರುಣರು ಮೋಟಾರು ಸೈಕಲ್ಲಿಗೆ ಡೇರೆ, ಹಾಸಿಗೆ, ಸ್ಟೋವು ಕಟ್ಟಿಕೊಂಡು ಹೊರಡುವುದೂ ಉಂಟು. ೨೦೨೩ರಲ್ಲಿ ನಾವೂ ಹಾಗೆಯೇ ಹೋದೆವು. ತಂದೆಯವರು ನಡೆದು ಬರುತ್ತಿದ್ದರು. ಅವರ ಗಂಟು ನಮ್ಮ ಗಾಡಿಯ ಮೇಲೆ.

ಕರ್ನೂಲು ದಾಟಿ ಆತ್ಮಕೂರಿನವರೆಗೆ ಚಿಂತೆಯಿಲ್ಲ. ಮುಂದೆ ನಲ್ಲಮಲೆ. ಪಾದಯಾತ್ರಿಕರು ವೆಂಕಟಾಪುರದಿಂದ ಅಡವಿ ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ ಹಾಯ್ದು ಕೈಲಾಸ ದ್ವಾರವನ್ನೇರುತ್ತಾರೆ. ಆ ಕಲ್ಲುಮೆಟ್ಟಿಲುಗಳ ಮೇಲೆ ಚಕ್ರದ ಆಟ ನಡೆಯದು. ಗಾಡಿಯವರು ದೋರನಾಳದ ಘಾಟನ್ನು ಬಳಸಬೇಕು. ಅದು ಹುಲಿ ಸಂರಕ್ಷಿತಾರಣ್ಯವಾದುದರಿಂದ ರಾತ್ರಿ ಸಂಚಾರಕ್ಕೆ ತಡೆಯುಂಟು. ಇದನ್ನರಿಯದ ನಾವು ಕತ್ತಲಾದ ಮೇಲೆ ಅಲ್ಲಿಗೆ ಮುಟ್ಟಿದೆವು. ಗೇಟು ಮುಚ್ಚಿತ್ತು. ಡೇರೆ ಹಾಕಿ ಮಲಗಿದಾಗ ನೆನಪಾಯಿತು: ತಂದೆಯವರ ಸಕ್ಕರೆ ಕಾಯಿಲೆಯ ಗುಳಿಗೆಗಳು ನಮ್ಮ ಚೀಲದಲ್ಲಿಯೇ ಉಳಿದಿದ್ದವು! ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಗಾದೊಡನೆ ಘಾಟು ಹತ್ತಿದೆವು. ಹಾಟಕೇಶ್ವರದ ಬಳಿ ಗಾಡಿ ನಿಲ್ಲಿಸಿ ಕೈಲಾಸ ದ್ವಾರಕ್ಕೆ ನಡೆದು ಕಾದೆವು. ತಂಡಗಳು ಒಂದರ ಹಿಂದೊಂದು ಬಂದವು, ತಂದೆಯವರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲೇರಿ ಬಂದರು. ಮುಖ ಬಾಡಿತ್ತು, ಕಾಲು ನಡುಗುತ್ತಿದ್ದವು. ಬೈಗುಳಕ್ಕೆ ಸಿದ್ಧರಾಗಿ ನಿಂತ ನಮ್ಮನ್ನು ನೋಡಿ, "ಉಂಡೀರೇನಪಾ?" ಎಂದರು.

ಈಗ ಗುಳಿಗೆಯ ಚೀಲ ಅವರ ಸೊಂಟದಲ್ಲಿಯೇ ಇರುತ್ತದೆ. ನಾವು ಆತ್ಮಕೂರಿನಲ್ಲಿ ಗಾಡಿ ಬಿಟ್ಟು ಅವರೊಡನೆ ನಡೆಯುತ್ತೇವೆ.