ಹಸು ತಿನ್ನದ ಹುಲ್ಲು

ಶಿವಮೊಗ್ಗದ ನಮ್ಮ ರಾಗಿಗುಡ್ಡದಲ್ಲಿ ಹುಲ್ಲು ಬೆಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು. ಚರಂಡಿಯ ಅಂಚು, ಕಾಂಪೌಂಡಿನ ಬಿರುಕು, ಮನೆ ಕಟ್ಟದೆ ಬಿಟ್ಟ ಸೈಟು, ಕೊನೆಗೆ ತಾರಸಿಯ ಮೂಲೆಯಲ್ಲಿ ಗಾಳಿ ತಂದಿಟ್ಟ ಹಿಡಿ ಮಣ್ಣು, ಎಲ್ಲೆಂದರಲ್ಲಿ ಹಸುರು ತಲೆಯೆತ್ತುತ್ತದೆ. ಇಂಥ ಊರಿನಲ್ಲಿ ಹುಲ್ಲನ್ನು ಚದರಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು, ಚಾಪೆಯಂತೆ ಹಾಸಿ, ಅದು ಸಾಯದ ಹಾಗೆ ಬೇಸಗೆಯುದ್ದಕ್ಕೂ ಕಾವಲು ಕೂರುವ ಜನ ಇದ್ದಾರೆ ಎಂದರೆ ನಮ್ಮ ಅಜ್ಜಂದಿರು ನಂಬುತ್ತಿರಲಿಲ್ಲ. ಆ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಐದು ವರ್ಷ ಲಾನ್ ಸಾಕಿದ ಮೇಲೆ ಈ ತಕರಾರು ಬರೆಯುತ್ತಿದ್ದೇನೆ. ಆದ್ದರಿಂದ ಇದು ಹೊಟ್ಟೆಯುರಿಯ ಮಾತೆಂದು ಯಾರೂ ತಿಳಿಯಬಾರದು.

ಮನೆಯ ಮುಂದೆ ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಜಾಗ. ಮಾಲಿ ಬಂದವನು ಮೊದಲು ಮಾಡಿದ ಕೆಲಸ, ಅಲ್ಲಿ ತಾವಾಗಿ ಹುಟ್ಟಿದ್ದ ಗರಿಕೆ, ನೆಲನೆಲ್ಲಿ, ತುಂಬೆ, ಒಂದೆಲಗ ಎಲ್ಲವನ್ನೂ ‘ಕಳೆ’ ಎಂಬ ಒಂದೇ ಹೆಸರಿನಲ್ಲಿ ಕಿತ್ತೆಸೆದದ್ದು. ಅಜ್ಜಿ ಇದ್ದಿದ್ದರೆ ಒಂದೊಂದಕ್ಕೂ ಒಂದೊಂದು ಉಪಯೋಗ ಹೇಳುತ್ತಿದ್ದಳು. ಕಿತ್ತಷ್ಟೂ ಮತ್ತೆ ಬರುತ್ತಿದ್ದ ಇನ್ನೊಂದು ಹುಲ್ಲಿತ್ತು, ರಾಗಿಯಂತೆಯೇ ಬೆರಳು ಚಾಚಿದ ತೆಳ್ಳನೆಯ ತೆನೆಯದು. ನಾನು ಅದನ್ನು ಕಾಡುರಾಗಿ ಎನ್ನುತ್ತೇನೆ. ಸಸ್ಯಶಾಸ್ತ್ರಜ್ಞರು ಅದನ್ನು ಎಲ್ಯುಸಿನೆ ಇಂಡಿಕಾ ಎಂದು ಕರೆದು, ನಾವು ಉಣ್ಣುವ ರಾಗಿಯ ಪೂರ್ವಜರ ಸಾಲಿನಲ್ಲಿ ಕೂರಿಸಿದ್ದಾರೆ. ರಾಗಿಯೂ ಹುಲ್ಲಿನ ಕುಲದ್ದೇ ಅಲ್ಲವೆ? ಭತ್ತ, ಜೋಳ, ಕಬ್ಬು, ಬಿದಿರು ಎಲ್ಲವೂ ಆ ಕುಲದವೇ. ನಮ್ಮ ಬಡಾವಣೆಗೆ ಆ ಹೆಸರು ಬಂದ ಕಥೆ ಏನೇ ಇರಲಿ, ರಾಗಿಗುಡ್ಡದಲ್ಲಿ ಕುಳಿತು ರಾಗಿಯ ದಾಯಾದಿಯನ್ನು ಬೇರುಸಹಿತ ಕೀಳಿಸುವುದಕ್ಕೆ ನಾನು ದಿನಗೂಲಿ ಕೊಡುತ್ತಿದ್ದೆ.

ಗರಿಕೆಯ ಕಥೆ ಇದಕ್ಕಿಂತ ಸೊಗಸಾಗಿದೆ. ನರ್ಸರಿಯವರು ‘ಬರ್ಮುಡಾ’ ಎಂದು ಗೌರವದಿಂದ ಮಾರುವ ಹುಲ್ಲು ಯಾವುದೆಂದು ಬಲ್ಲಿರಾ? ನಮ್ಮ ಗರಿಕೆಯೇ! ಎರಡಕ್ಕೂ ಶಾಸ್ತ್ರದಲ್ಲಿ ಸೈನೊಡಾನ್ ಡ್ಯಾಕ್ಟಿಲಾನ್ ಎಂಬ ಒಂದೇ ಹೆಸರು. ಮಿಶ್ರತಳಿಗಳೂ ಇವೆ, ಇರಲಿ, ಮೂಲ ಅದೇ. ಬಾಗಿಲಲ್ಲಿ ಬಿಟ್ಟಿ ಬಂದಾಗ ಕಳೆ, ಇಂಗ್ಲಿಷ್ ಹೆಸರು ಹೊತ್ತು ಬಂದಾಗ ಅಲಂಕಾರ. ನಾನಂತೂ ಬರ್ಮುಡಾಕ್ಕೂ ಇಳಿಯಲಿಲ್ಲ. ಇನ್ನೂ ನುಣುಪಾದ ‘ಮೆಕ್ಸಿಕನ್’ ಹುಲ್ಲನ್ನೇ ಹಾಸಿಸಿದೆ. ಆ ವರ್ಷ ಗಣೇಶನ ಚೌತಿಯ ಬೆಳಿಗ್ಗೆ, ಮನೆಯ ಮುಂದೆ ಇನ್ನೂರು ಚದರಡಿ ಹುಲ್ಲಿಟ್ಟುಕೊಂಡು, ಇಪ್ಪತ್ತೊಂದು ಎಳೆ ಗರಿಕೆಗಾಗಿ ಚೀಲ ಹಿಡಿದು ಮಾರುಕಟ್ಟೆಗೆ ಹೋದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಆ ನಗುವಿಗೆ ಅರ್ಥ ಬಹಳವಿತ್ತು.

ಈ ಲಾನಿನ ಆಸೆ ನನ್ನೊಳಗೆ ಹೊಕ್ಕಿದ್ದು ಭದ್ರಾವತಿಯಲ್ಲಿ. ೧೯೨೩ರಲ್ಲಿ ಮಲೆನಾಡಿನ ಇದ್ದಿಲು ಉರಿಸಿ ಕಬ್ಬಿಣ ತೆಗೆಯಲು ಆರಂಭಿಸಿದ ಕಾರ್ಖಾನೆಯ ಊರು ಅದು. ಸೋದರಮಾವ ಅಲ್ಲಿ ಕ್ವಾರ್ಟರ್ಸಿನಲ್ಲಿದ್ದರು. ಬೇಸಗೆಯ ರಜಕ್ಕೆ ಹೋದರೆ ಅವರ ಮನೆಯ ಮುಂದೆ ಬಸಳೆಯ ಚಪ್ಪರ, ಬಚ್ಚಲ ನೀರಿನಲ್ಲಿ ಕೆಸು, ಮೂಲೆಯಲ್ಲಿ ಒಂದು ಬಾಳೆ. ಅತ್ತೆ ಅಡಿಗೆಗೆ ಕೂರುವ ಮೊದಲು ಅಂಗಳಕ್ಕೊಂದು ಸುತ್ತು ಹಾಕಿ ಬಂದರೆ ಆ ದಿನದ ಪಲ್ಯ ಸಿದ್ಧ. ಭಾನುವಾರ ಸಂಜೆ ಮಾವ ನನ್ನ ಕೈ ಹಿಡಿದು ಅಧಿಕಾರಿಗಳ ಬಂಗಲೆಗಳ ಕಡೆಗೆ ತಿರುಗಾಡಲು ಕರೆದೊಯ್ಯುತ್ತಿದ್ದರು. ಬೇಲಿಯಾಚೆ ಕತ್ತರಿಸಿದ ಹುಲ್ಲು, ಅದರ ನಡುವೆ ಎರಡು ಬೆತ್ತದ ಕುರ್ಚಿ. ಕುರ್ಚಿಯಲ್ಲಿ ಯಾರೂ ಕುಳಿತಿದ್ದನ್ನು ನಾನು ಕಂಡ ನೆನಪಿಲ್ಲ. ಮಾವ ನಿಂತು ನೋಡಿ, “ಮನೆ ಅಂದರೆ ಹೀಗಿರಬೇಕು ಕಣೋ” ಎನ್ನುತ್ತಿದ್ದರು. ತಿರುಗಿ ಬಂದು ಬಸಳೆಯ ಸಾರು ಉಣ್ಣುವಾಗ ಇಬ್ಬರಿಗೂ ಅದು ಸ್ವಲ್ಪ ಬಡವರ ಊಟದಂತೆ ಕಾಣುತ್ತಿತ್ತು. ಮಾವ ಇಲ್ಲ, ಅವರು ಕಟ್ಟಲಾಗದ ಮನೆಯನ್ನು ನಾನು ಕಟ್ಟಿದೆ, ಅವರು ಬೇಲಿಯಾಚೆ ಕಂಡ ಹುಲ್ಲನ್ನೂ ಹಾಸಿದೆ. ನಮ್ಮ ಬಡಾವಣೆಯ ಎಷ್ಟೋ ಲಾನುಗಳ ಅಡಿಯಲ್ಲಿ ಇಂಥ ಒಬ್ಬೊಬ್ಬ ಮಾವ ಇದ್ದಾರೆಂದು ನನ್ನ ನಂಬಿಕೆ.

ಮೂರನೆಯ ವರ್ಷ ಹುಲ್ಲಿಗೆ ಹುಳು ಬಿತ್ತು. ಮಾಲಿ ಔಷಧಿ ಹೊಡೆದ. ಮಾರನೆಯ ದಿನ ಕತ್ತರಿಸಿದ ಹುಲ್ಲನ್ನು ಗೇಟಿನ ಬಳಿ ಗುಡ್ಡೆ ಹಾಕಿದ್ದಾಗ, ಕೆಳಗಿನ ಬೀದಿಯಲ್ಲಿ ಎರಡು ಹಸು ಕಟ್ಟಿಕೊಂಡು ಜೀವನ ಮಾಡುವ ಹೆಂಗಸೊಬ್ಬಳು ಬುಟ್ಟಿ ಹಿಡಿದು ನಿಂತಳು.

“ತಗೊಂಡು ಹೋಗ್ಲಾ ಯಜಮಾನ್ರೇ?”

“ಬೇಡಮ್ಮ, ವಿಷ ಹೊಡೆದಿದೆ. ಹಸುವಿಗೆ ಹಾಕಬೇಡ.”

ಆಕೆ ಗುಡ್ಡೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಹಸು ತಿನ್ನದ ಹುಲ್ಲು ಯಾತಕ್ಕೆ ಸಾಕಿದೀರಿ?” ಎಂದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಅಂದಕ್ಕೆ ಎಂದು ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಆಕೆಯ ಪ್ರಶ್ನೆಗೆ ಉತ್ತರ ದೊರೆತದ್ದು ಥಾರ್ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನ ಗ್ರಂಥದಲ್ಲಿ. ವಿರಾಮವುಳ್ಳ ವರ್ಗದ ಬಗೆಗೆ ಅವನು ೧೮೯೯ರಲ್ಲಿ ಬರೆದದ್ದು. ಲಾನು ಎಂದರೆ ಮೂಲತಃ ದನದ ಹುಲ್ಲುಗಾವಲು. ಅದರ ಮೇಲೆ ಇರಬೇಕಾದದ್ದು ಹಸುವೇ. ಆದರೆ ಹಸುವನ್ನು ಕಂಡರೆ ಮಿತವ್ಯಯ, ಉಪಯೋಗ, ಹಾಲಿನ ಲೆಕ್ಕ ನೆನಪಾಗುತ್ತವೆ. ಅದರಿಂದ ಸಿರಿವಂತಿಕೆಯ ಶೋಭೆ ಕೆಡುತ್ತದೆ. ಆದ್ದರಿಂದ ಹಸುವನ್ನು ಹೊರಗಟ್ಟಿ, ಪ್ರಾಣಿ ಇರಲೇಬೇಕೆಂದರೆ ಜಿಂಕೆಯನ್ನು ಬಿಡುತ್ತಾರೆ, ಎಂಬುದು ಅವನ ವಾದದ ಸಾರ. ನಾಡಿಗೆ ನಾಡೇ ಗೋಮಾತೆ ಎನ್ನುತ್ತ, ಮನೆ ಮುಂದಿನ ಹುಲ್ಲಿಗೆ ಆಕೆ ಬಾಯಿ ಹಾಕದಂತೆ ಗೇಟು ಹಾಕುವ ನಮ್ಮನ್ನು ಅವನು ಕಂಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದನೋ ಏನೋ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದೂ ಇಂಗ್ಲೆಂಡಿನಲ್ಲಿ, ೧೮೩೦ರಲ್ಲಿ. ಸ್ಟ್ರೌಡ್ ಊರಿನ ಬಡ್ಡಿಂಗ್ ಎಂಬಾತ ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ ಇದನ್ನು ಮಾಡಿದ. ಹುಲ್ಲನ್ನು ಬಟ್ಟೆಯಂತೆ ಕಾಣುವ ಕಣ್ಣು ನಮಗೆ ಬಂದದ್ದು ಅಲ್ಲಿಂದ. ಆ ದೇಶದಲ್ಲಿ ವರ್ಷವಿಡೀ ತುಂತುರು ಮಳೆ. ಹುಲ್ಲಿಗೆ ನೀರು ಹೊರುವ ಪ್ರಸಂಗ ಕಡಿಮೆ. ನಮಗೆ ನಾಲ್ಕು ತಿಂಗಳು ಮಳೆ ಸುರಿದು, ಜನವರಿಯಿಂದ ಮೇ ತನಕ ಆಕಾಶ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡಿರುತ್ತದೆ.

ನೀರಿನ ಲೆಕ್ಕವನ್ನು ನಾನೇ ಹಾಕಿದೆ. ಬೇಸಗೆಯಲ್ಲಿಯೂ ಹಸುರಾಗಿಯೇ ಇರಬೇಕೆಂದರೆ ಹುಲ್ಲಿಗೆ ದಿನಕ್ಕೆ ನಾಲ್ಕೈದು ಮಿಲಿಮೀಟರು ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಎಂದರೆ ಒಂದು ಲೀಟರು. ನನ್ನ ೨೦೦ ಚದರಡಿ ಸುಮಾರು ೧೮.೫ ಚದರ ಮೀಟರು. ಅಂದರೆ ದಿನಕ್ಕೆ ೭೫ರಿಂದ ೯೦ ಲೀಟರು. ನಗರವಾಸಿಗೆ ತಲಾ ೧೩೫ ಲೀಟರು ಎಂಬುದು ನಮ್ಮ ದೇಶದ ನೀರು ಸರಬರಾಜಿನ ಮಾನದಂಡ. ಒಬ್ಬ ಮನುಷ್ಯನ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು, ಯಾರೂ ಕೂರದ ಕುರ್ಚಿಯ ಕೆಳಗಿನ ಹುಲ್ಲು ಕುಡಿಯುತ್ತಿತ್ತು. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಹರಿಸಿದರೆ, ಕಾರು ತೊಳೆದರೆ ೫,೦೦೦ ರೂಪಾಯಿ ದಂಡ ಎಂದು ಸಾರಿತು. ನಮಗೆ ತುಂಗೆಯಿದ್ದಾಳೆ, ಬೆಂಗಳೂರಿನ ಗತಿ ನಮಗೇಕೆ ಎನ್ನುವವರಿದ್ದಾರೆ. ತುಂಗೆ ಇರುವುದು ಗುಡ್ಡದ ಮೇಲಲ್ಲ, ಕೆಳಗೆ. ಅವಳನ್ನು ಇಲ್ಲಿಯ ನಲ್ಲಿಗೆ ಹತ್ತಿಸುವುದಕ್ಕೆ ಪಂಪು ಬೇಕು, ಕರೆಂಟು ಬೇಕು.

ಲಾನಿನ ಕಾಟ ತಪ್ಪಿಸಿಕೊಳ್ಳಲು ಈಚೆಗೆ ಜನ ಹಿಡಿದಿರುವ ದಾರಿ ಇನ್ನೂ ಕೆಟ್ಟದ್ದು. ಕೆಲವರು ಗೇಟಿನಿಂದ ಹೊಸ್ತಿಲವರೆಗೆ ಸಿಮೆಂಟಿನ ಇಟ್ಟಿಗೆ ಜೋಡಿಸಿ ಮಣ್ಣಿಗೆ ಗೋರಿ ಕಟ್ಟುತ್ತಾರೆ. ಇನ್ನು ಕೆಲವರು ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರೆ. ನೆರೆಯ ನಿವೃತ್ತ ಇಂಜಿನಿಯರು ಅದನ್ನು ಹಾಸಿ, “ನೀರಿಲ್ಲ, ಹುಳುವಿಲ್ಲ, ಮಾಲಿಯಿಲ್ಲ, ನೋಡಿ ಸಾರ್” ಎಂದು ಹೆಮ್ಮೆಪಟ್ಟರು. ಏಪ್ರಿಲಿನ ಮಧ್ಯಾಹ್ನ ಅವರ ಮೊಮ್ಮಗಳು ಬರಿಗಾಲಿನಲ್ಲಿ ಅದರ ಮೇಲೆ ಕಾಲಿಟ್ಟು ಚೀರಿಕೊಂಡಿತು. ಒಂದು ರಾತ್ರಿ ೫೦ ಮಿಲಿಮೀಟರು ಮಳೆ ಸುರಿದರೆ ನನ್ನಷ್ಟು ಅಂಗಳಕ್ಕೆ ೯೦೦ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಮಣ್ಣಿದ್ದರೆ ಅದರಲ್ಲಿ ಬಹುಪಾಲು ಒಳಗಿಳಿದೀತು, ಸಿಮೆಂಟಿದ್ದರೆ ಚರಂಡಿಗೆ. ಮೇ ತಿಂಗಳಲ್ಲಿ ಬೋರ್‌ವೆಲ್ ಒಣಗಿತೆಂದು ಗೋಳಾಡುವವರೂ ಇವರೇ.

ಹಾವಿನ ಮಾತು ಬಂದೇ ಬರುತ್ತದೆ. ಮಲೆನಾಡಿನ ಸೆರಗು ಇದು, ಭಯ ಸುಳ್ಳಲ್ಲ. ನಮ್ಮ ಹಿರಿಯರು ಅದಕ್ಕೇ ಹೊಸ್ತಿಲ ಮುಂದೆ ಸೆಗಣಿ ಸಾರಿಸಿದ ಬಯಲು ಅಂಗಳವನ್ನು ಇಟ್ಟು, ಗಿಡಗಳನ್ನು ಅದರಾಚೆಗೆ ಬೆಳೆಸುತ್ತಿದ್ದರು. ಅಡಕೆ ಒಣಗಿದ್ದು, ಹಪ್ಪಳ ಹರಡಿದ್ದು, ಮಕ್ಕಳು ಕುಂಟೆಬಿಲ್ಲೆ ಆಡಿದ್ದು ಎಲ್ಲ ಆ ಅಂಗಳದಲ್ಲಿಯೇ. ಮಕ್ಕಳ ಆಟಕ್ಕೆ ಲಾನು ಬೇಕೆಂಬ ವಾದವನ್ನಂತೂ ನಾನು ಒಪ್ಪಲಾರೆ. ಐದು ವರ್ಷವೂ ನಾನು ಬೀದಿಯ ಮಕ್ಕಳಿಗೆ ಹೇಳಿದ ಮಾತು “ಹುಲ್ಲು ತುಳಿಯಬೇಡ್ರೋ” ಎಂಬುದೊಂದೇ. ನೂರಾರು ಮಕ್ಕಳು ಓಡಾಡುವ ಮೈದಾನದಲ್ಲಿ ಹುಲ್ಲಿರಲಿ, ಅದಕ್ಕೆ ನೀರೂ ಇರಲಿ. ನನ್ನ ಜಗಳ ಅದರೊಡನೆ ಅಲ್ಲ.

ಮೆಕ್ಸಿಕನ್ ಹುಲ್ಲನ್ನು ನಾನು ಕೀಳಲಿಲ್ಲ. ನೀರು ನಿಲ್ಲಿಸಿದೆ, ಅಷ್ಟೆ. ಎರಡು ಬೇಸಗೆಯಲ್ಲಿ ಅದು ಸೋತಿತು, ಎಲ್ಲಿ ಅಡಗಿತ್ತೋ ಗರಿಕೆ ಬಂತು. ಗರಿಕೆ ಮಾರ್ಚಿಯಲ್ಲಿ ಕಂದಾಗುತ್ತದೆ, ಸತ್ತಂತೆಯೇ ಕಾಣುತ್ತದೆ. ಮೊದಲ ಮಳೆಗೆ ಎದ್ದು ಕೂರುತ್ತದೆ. ಆ ಮೂರು ತಿಂಗಳ ಕಂದು ಬಣ್ಣಕ್ಕೆ ಕಣ್ಣನ್ನು ಒಗ್ಗಿಸಿಕೊಳ್ಳುವುದೇ ಕಷ್ಟ, ನನಗಿನ್ನೂ ಪೂರ್ತಿ ಒಗ್ಗಿಲ್ಲ. ಬಚ್ಚಲ ನೀರು ಹರಿಯುವ ಕಡೆ ಹೆಂಡತಿ ಒಂದೆಲಗ ಹಬ್ಬಿಸಿದ್ದಾಳೆ, ಬೇಕಾದಾಗ ತಂಬುಳಿ. ಗೋಡೆಯ ಬಳಿ ದೊಡ್ಡಪತ್ರೆ, ಗೇಟಿನ ಮೇಲೆ ಬಸಳೆ.

ಕಳೆದ ತಿಂಗಳು ಬಡಾವಣೆಯ ಸಮಿತಿಯಿಂದ ಒಂದು ಕಾಗದ ಬಂತು. ಮನೆಯ ಮುಂಭಾಗವನ್ನು ಎಲ್ಲರಂತೆ ಅಂದವಾಗಿ ಇಟ್ಟುಕೊಳ್ಳಬೇಕು, ಗೇಟಿನ ಮೇಲಿನ ಬಳ್ಳಿಯನ್ನು ತೆಗೆಸಬೇಕು ಎಂದು ವಿನಯದಿಂದಲೇ ಬರೆದಿದ್ದಾರೆ. ನಾನು ತೆಗೆಸುವುದಿಲ್ಲ. ಕಾರಣಗಳನ್ನು ಮೇಲೆ ಹೇಳಿದ್ದೇನೆ. ಸಮಿತಿಯ ಮಹನೀಯರು ಸ್ವತಃ ಬಂದು ನೋಡುವುದಾದರೆ ಬೆಳಿಗ್ಗೆ ಎಂಟರೊಳಗೆ ಬರುವುದು ಒಳ್ಳೆಯದು. ಆಮೇಲಾದರೆ ಕೆಳಗಿನ ಬೀದಿಯಾಕೆ ಬುಟ್ಟಿ ತಂದು ಗರಿಕೆ ಕುಯ್ದುಕೊಂಡು ಹೋಗಿರುತ್ತಾಳೆ.