ಪದಕದ ಅಂಚು ಓದ್ರಪ್ಪ (ಭಾಗ 3)

ಪೇಟ ಸುತ್ತಿ, ಈಟಿ ಹಿಡಿದು ಕುದುರೆ ಮೇಲೆ ಕೂತಿರೋ ಯಾವ ಹಳೇ ಫೋಟೋ ಸಿಕ್ಕಿದ್ರೂ 'ಹೈಫಾ ಗೆದ್ದ ಮೈಸೂರು ವೀರ' ಅಂತ ರೀಲ್ಸ್ ಬಿಡೋದು ನನಗೆ ಸರಿ ಅನ್ಸಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದಾಗ ಮೈಸೂರು ಲ್ಯಾನ್ಸರ್ಸ್ ಜೊತೆ ಜೋಧಪುರದವರೂ ಇದ್ರು. ಈಟಿ ಹಿಡಿದ ರೆಜಿಮೆಂಟ್‌ಗಳಂತೂ ಆಗ ಹತ್ತಾರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆ ಯಾರ ಮನೆ ಟ್ರಂಕಲ್ಲಾದ್ರೂ ಪದಕ ಇದ್ರೆ ಮೊದ್ಲು ಅಂಚು ನೋಡಿ. ನಂಬರ್, ಹುದ್ದೆ, ಹೆಸರು, ತುಕಡಿ ಅಲ್ಲೇ ಒತ್ತಿರ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಿ ಅದನ್ನ ಸವೆಸ್ಬೇಡಿ, ಪ್ಲೀಸ್.

ವಿಕ್ಟರಿ ಮೆಡಲ್ ಹಿಂದೆ 1914–1919 ಅಂತಿರುತ್ತೆ. ಯುದ್ಧ ನಿಂತಿದ್ದು 1918ರಲ್ಲಿ, ಹಾಗಾದ್ರೆ ನಕಲಿ ಅನ್ಬೇಡಿ. ಶಾಂತಿ ಒಪ್ಪಂದ ಆಗಿದ್ದು 1919ರಲ್ಲಿ. ಆ ವರ್ಷವೂ ನಮ್ಮ 19ನೇ ಪಂಜಾಬೀಸ್, 28ನೇ ಲೈಟ್ ಕ್ಯಾವಲ್ರಿ ಈಗಿನ ತುರ್ಕ್‌ಮೆನಿಸ್ತಾನದ ಮರಳಲ್ಲಿ ಬೋಲ್ಶೆವಿಕರ ಎದುರು ನಿಂತಿದ್ರು. (ಸಿಲಬಸ್ಸಲ್ಲಿ ಇದೆಲ್ಲಿ ಬರುತ್ತೆ ಹೇಳಿ!)

ಬ್ರಿಟಿಷ್ ವಾರ್ ಮೆಡಲ್ ಸಾಮಾನ್ಯವಾಗಿ ಬೆಳ್ಳಿದು. ಅದೇ ಕಂಚಲ್ಲಿ ಸಿಕ್ಕಿದ್ರೆ ಡೂಪ್ಲಿಕೇಟ್ ಅಲ್ಲ, ಕೂಲಿ ದಳದಂಥವರಿಗೆ ಕೊಟ್ಟಿದ್ದು. ಮೂಟೆ ಹೊತ್ತವರ ಮೇಲೆ ಯಾರೂ ರೀಲ್ ಮಾಡಲ್ಲ. ನನಗೆ ಆ ಕಂಚೇ ಹೆಚ್ಚು. ಮನೇಲಿದ್ರೆ ಅಂಚಿನ ಫೋಟೋ ಕ್ಲಿಯರಾಗಿ ತೆಗೆದು ಡಿಎಂ ಮಾಡಿ, ಒಟ್ಟಿಗೆ ಓದೋಣ.